ಅಣ್ಣನ ಕ್ರೆಡಿಟ್ ಕಾರ್ಡ್ ಮುಚ್ಚಿದ್ದು ಏಕೆ?

ಕಳೆದ ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಮುಂಚೆ ನಮ್ಮ ಮನೆಯ ಮಾಡು ರಿಪೇರಿ ಆಗಬೇಕಿತ್ತು. ಸೌದಿಯ ದಮ್ಮಾಮ್‌ನಲ್ಲಿ ಕೆಲಸದಲ್ಲಿರುವ ಅಣ್ಣ ಅಲ್ಲಿನ ಬ್ಯಾಂಕಿನಿಂದ ಮಂಗಳೂರಿನ ತನ್ನ ಹಳೆಯ ಉಳಿತಾಯ ಖಾತೆಗೆ ಎರಡು ಲಕ್ಷ ರೂಪಾಯಿ ಕಳಿಸಿದ. ಅದರಲ್ಲಿ 41,300 ರೂಪಾಯಿ ಅವನ ಕ್ರೆಡಿಟ್ ಕಾರ್ಡಿನ ಬಿಲ್ಲಿಗೆ. ಉಳಿದದ್ದು ಹೆಂಚು, ಪಕ್ಕಾಸು ಮತ್ತು ಆಚಾರಿಯ ಕೂಲಿಗೆ. ಹಣ ಖಾತೆಗೆ ಬಂತು. ಆದರೆ ತಿಂಗಳ ಕೊನೆಯಲ್ಲಿ ನಾನು ಎಟಿಎಂಗೆ ಹೋದಾಗ ಒಂದು ನೋಟೂ ಹೊರಗೆ ಬರಲಿಲ್ಲ. ಅದೇ ವಾರ ಕಾರ್ಡ್ ಖಾತೆಯನ್ನು ಮುಚ್ಚಲಾಗಿದೆ ಎಂಬ ಎರಡು ಸಾಲಿನ ಸಂದೇಶ ಬಂತು. ಕಾರಣದ ಜಾಗದಲ್ಲಿ ಇದ್ದದ್ದು ‘ಬ್ಯಾಂಕಿನ ಆಂತರಿಕ ನೀತಿ’ ಎಂದಷ್ಟೇ.

ಆ ಕಾರ್ಡ್ ನಮ್ಮ ಮನೆಯಲ್ಲಿ ಹೇಗೆ ಇತ್ತು ಎಂದು ಮೊದಲು ಹೇಳಬೇಕು. ಅಣ್ಣ ಮಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಾಗ ಸಂಬಳದ ಖಾತೆಯ ಜೊತೆ ಅದನ್ನು ಕೊಟ್ಟಿದ್ದರು. ಬಡ್ಡಿಯ ಕಾರಣಕ್ಕೆ ಉಮ್ಮನಿಗೆ ಅದು ಇಷ್ಟವಿರಲಿಲ್ಲ. ಕೊನೆಯ ದಿನಾಂಕದೊಳಗೆ ಪೂರ್ತಿ ಬಿಲ್ ಕಟ್ಟಿದರೆ ಬಡ್ಡಿ ಬೀಳುವುದಿಲ್ಲ ಎಂದು ಅಣ್ಣ ಒಪ್ಪಿಸಿದ್ದ. ಸೌದಿಗೆ ಹೋಗುವಾಗ ಕಾರ್ಡನ್ನೂ ಇಲ್ಲಿನ ಸಿಮ್ ಇದ್ದ ಹಳೆಯ ಫೋನನ್ನೂ ಮನೆಯಲ್ಲೇ ಬಿಟ್ಟ. ಫೋನಿನ ಉಸ್ತುವಾರಿ ನನ್ನದು. ಒಟಿಪಿ ಬಂದರೆ ಹೇಳುವುದು, ಕರೆಂಟ್ ಬಿಲ್ ಕಟ್ಟುವುದು. ನನ್ನ ಸಿಎ ಫೌಂಡೇಶನ್ ತರಬೇತಿಯ ಶುಲ್ಕ ಹೋದದ್ದೂ ಆ ಕಾರ್ಡಿನಿಂದಲೇ.

ನಾನು ನಮ್ಮ ವಾಣಿಜ್ಯ ವಿಭಾಗದ ಉಪನ್ಯಾಸಕರ ಬಳಿ ಹೋಗಿ, ಬ್ಯಾಂಕಿನವರು ನಮಗೆ ಅನ್ಯಾಯ ಮಾಡಿದ್ದಾರೆ ಎಂದೆ. ಅವರು ಕೇಳಿದ್ದು ಒಂದೇ: “ಆ ಫೋನಿನ ಮೆಸೇಜುಗಳನ್ನು ಓದಿದ್ದೀಯಾ?” ಓದಿರಲಿಲ್ಲ. ಒಟಿಪಿ ಬಿಟ್ಟು ಬೇರೆ ಏನು ಬಂದರೂ ಜಾಹೀರಾತು ಎಂದೇ ತಿಳಿದಿದ್ದೆ. ಸಾಲದ ಆಫರುಗಳ ನಡುವೆ ಬ್ಯಾಂಕಿನ ಮೂರು ಸಂದೇಶಗಳು ಸಿಕ್ಕವು. ವಿದೇಶದಿಂದ ಬಂದ ಹಣದ ಉದ್ದೇಶ ತಿಳಿಸಿ, ಕೆವೈಸಿ ದಾಖಲೆ ಹೊಸದಾಗಿ ಕೊಡಿ, ಇಂತಹ ದಿನದೊಳಗೆ ಕೊಡದಿದ್ದರೆ ಖಾತೆಗೆ ನಿರ್ಬಂಧ ಹಾಕುತ್ತೇವೆ ಎಂದು. ಆ ದಿನ ಕಳೆದು ಒಂದು ವಾರವಾಗಿತ್ತು.

ಆದರೂ ನನಗೆ ಒಂದು ಅರ್ಥವಾಗಲಿಲ್ಲ. ಅಣ್ಣನ ದುಡಿಮೆ, ಅಣ್ಣನದೇ ಖಾತೆ, ಬ್ಯಾಂಕಿನಿಂದ ಬ್ಯಾಂಕಿಗೆ ಬಂದ ಹಣ. ಸಂಶಯಕ್ಕೆ ಎಲ್ಲಿ ಜಾಗ?

ದೇಶದಿಂದ ದೇಶಕ್ಕೆ ಬ್ಯಾಂಕ್ ಮೂಲಕ ಹಣ ಕಳಿಸುವಾಗ ಹೆಚ್ಚಾಗಿ ಸ್ವಿಫ್ಟ್ ಎಂಬ ಜಾಲವನ್ನು ಬಳಸುತ್ತಾರೆ. 1973ರಲ್ಲಿ ಬೆಲ್ಜಿಯಂನಲ್ಲಿ ಶುರುವಾದ ಸಂಸ್ಥೆ ಅದು. ಅದರಲ್ಲಿ ಹಣ ಹರಿಯುವುದಿಲ್ಲ, ಸಂದೇಶ ಮಾತ್ರ ಹೋಗುತ್ತದೆ: ಕಳಿಸುವವರ ಹೆಸರು, ಖಾತೆ, ವಿಳಾಸ, ಪಡೆಯುವವರ ಹೆಸರು, ಮೊತ್ತ. ಲೆಕ್ಕ ಹೊಂದಿಸುವುದು ಬ್ಯಾಂಕುಗಳು ತಮ್ಮತಮ್ಮಲ್ಲೇ. ಅಣ್ಣನ ಹಣದ ಜೊತೆ ಬಂದ ಸಂದೇಶದಲ್ಲಿ ಕಳಿಸಿದವನು ದಮ್ಮಾಮ್‌ನ ನಿವಾಸಿ. ಇಲ್ಲಿನ ಬ್ಯಾಂಕಿನ ಕಡತದಲ್ಲಿ ಅದೇ ಹೆಸರಿನ, ಅದೇ ಪಾನ್ ಸಂಖ್ಯೆಯ ವ್ಯಕ್ತಿ ಮಂಗಳೂರಿನಲ್ಲಿ ನೌಕರಿ ಮಾಡಿಕೊಂಡು ನಮ್ಮ ಮನೆಯಲ್ಲಿ ವಾಸವಾಗಿದ್ದಾನೆ! ಎರಡು ವರ್ಷ ಹಳೆಯದಾಗಿದ್ದ ಆ ಮಾಹಿತಿಯನ್ನು ಯಾರೂ ತಿದ್ದಿಸಿರಲಿಲ್ಲ. ಅಷ್ಟು ದಿನ ಅಣ್ಣ ಮನೆಖರ್ಚಿಗೆ ಉಮ್ಮನ ಖಾತೆಗೇ ಹಣ ಹಾಕುತ್ತಿದ್ದುದರಿಂದ ಇದು ಬೆಳಕಿಗೆ ಬಂದಿರಲಿಲ್ಲ.

ಇಲ್ಲಿ ಬರುವುದು ಫೆಮಾ, ಅಂದರೆ 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ. ವಿದೇಶದಲ್ಲಿ ಆರು ತಿಂಗಳು ಕಳೆದ ಮೇಲೆ ಅನಿವಾಸಿ ಆಗುತ್ತೇವೆ ಎಂದು ನಮ್ಮ ಕಡೆ ತುಂಬ ಜನ ಹೇಳುತ್ತಾರೆ. ದಿನಗಳ ಎಣಿಕೆ ಮುಖ್ಯವಾಗುವುದು ಆದಾಯ ತೆರಿಗೆಯ ಲೆಕ್ಕಕ್ಕೆ. ಫೆಮಾ ಪ್ರಕಾರ ಕೆಲಸಕ್ಕೆಂದು ದೇಶ ಬಿಟ್ಟವನು ಹೊರಟಾಗಲೇ ಅನಿವಾಸಿ. ಅವನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಊರಿನ ಬಾಡಿಗೆ, ಪಿಂಚಣಿಯಂತಹ ಆದಾಯ ಬೀಳುವುದು ಅದಕ್ಕೆ. ವಿದೇಶದ ಸಂಬಳ ಕಳಿಸಲು ಎನ್‌ಆರ್‌ಇ ಎಂಬ ಇನ್ನೊಂದು ಖಾತೆ ಇದೆ. ಅದರ ಹಣವನ್ನು ಮಿತಿಯಿಲ್ಲದೆ ವಿದೇಶಕ್ಕೆ ಮರಳಿ ಒಯ್ಯಬಹುದು. ಎನ್‌ಆರ್‌ಒದಿಂದಾದರೆ ಒಂದು ಹಣಕಾಸು ವರ್ಷಕ್ಕೆ ಹತ್ತು ಲಕ್ಷ ಡಾಲರ್ ಮಿತಿ. ನಮ್ಮ ಮನೆಗಳಿಗೆ ಆ ಮಿತಿಯ ಚಿಂತೆ ಬರುವ ಸಂಭವ ಕಡಿಮೆ!

ಅಂದರೆ ಹಣದಲ್ಲಿ ದೋಷವಿರಲಿಲ್ಲ, ಅದು ಬಂದು ಬಿದ್ದ ಖಾತೆಯ ದಾಖಲೆಯಲ್ಲಿತ್ತು. ಕೇಳಿದ್ದಕ್ಕೆ ಉತ್ತರವೂ ಹೋಗಲಿಲ್ಲ. ಬ್ಯಾಂಕಿನವರು ಖಾತೆಯಿಂದ ಹಣ ತೆಗೆಯುವುದನ್ನು ತಡೆದರು. ಹಾಗಾಗಿ ಕಾರ್ಡಿನ ಬಿಲ್ ತಾನಾಗಿ ಕಡಿತವಾಗುವುದೂ ನಿಂತಿತು. ಮಂಗಳೂರಿನ ನೌಕರಿಯ ಆಧಾರದ ಮೇಲೆ ಕೊಟ್ಟ ಕಾರ್ಡನ್ನು ಆ ನೌಕರಿಯೇ ಇಲ್ಲವೆಂದಾಗ ಮುಚ್ಚಿದರು.

ಶಾಖೆಯಲ್ಲಿ ಮ್ಯಾನೇಜರ್ ಉಮ್ಮನನ್ನು ಕೂರಿಸಿ ನಿಧಾನವಾಗಿ ಮಾತಾಡಿದರು. “ಅಮ್ಮಾ, ಹಣ ಎಲ್ಲಿಗೂ ಹೋಗಿಲ್ಲ, ಖಾತೆಯಲ್ಲೇ ಇದೆ. ಆದರೆ ಖಾತೆದಾರರೇ ಬರೆದುಕೊಡಬೇಕು. ನಿಮಗೆ ನಾನು ವಿವರ ಹೇಳುವ ಹಾಗಿಲ್ಲ” ಎಂದರು. ಒಟಿಪಿ ನಾನು ಹೇಳುತ್ತಿದ್ದೆ ಎಂಬುದನ್ನು ಅಲ್ಲಿ ಬಾಯಿ ಬಿಡಲಿಲ್ಲ. ಬೇರೆಯವರ ಕಾರ್ಡನ್ನು, ಅದು ಅಣ್ಣನದೇ ಆಗಿರಲಿ, ಬಳಸುವುದು ಕರಾರಿಗೆ ವಿರುದ್ಧ. ಮನೆಯವರಿಗೆ ಬೇಕಿದ್ದರೆ ಆಡ್-ಆನ್ ಕಾರ್ಡ್ ಕೇಳಿ ಪಡೆಯಬಹುದು.

ಸ್ಪಷ್ಟ ಕಾರಣ ಏಕೆ ಬರೆಯಲಿಲ್ಲ ಎಂಬ ಸಿಟ್ಟು ನನಗೆ ಈಗಲೂ ಇದೆ. ಉಪನ್ಯಾಸಕರು ಒಂದು ವಿಷಯ ಹೇಳಿದರು. 2002ರ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿ ಯಾವುದೇ ವ್ಯವಹಾರದ ಬಗ್ಗೆ ಸಂಶಯ ಬಂದು ಸರಕಾರಕ್ಕೆ ವರದಿ ಮಾಡಿದರೆ, ಅದನ್ನು ಗ್ರಾಹಕನಿಗೆ ತಿಳಿಸಬಾರದೆಂಬ ನಿಯಮ ಬ್ಯಾಂಕುಗಳಿಗಿದೆ. ಆದರೆ ನಮ್ಮದು ದಾಖಲೆಯ ವಿಷಯ. ಅದನ್ನು ಕನ್ನಡದಲ್ಲಿ ಎರಡು ಸಾಲು ಬರೆದಿದ್ದರೆ ಉಮ್ಮ ಓದುತ್ತಿದ್ದರು.

ಕಾರ್ಡ್ ಮುಚ್ಚಿದರೂ ಅದರ ಸಾಲ ಮುಚ್ಚುವುದಿಲ್ಲ. ಇದು ಗೊತ್ತಿಲ್ಲದೆ ನಾವು ಐದು ದಿನ ಸುಮ್ಮನೆ ಕಳೆದೆವು. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಂತೆ, ಬಿಲ್ಲಿನ ಕೊನೆಯ ದಿನ ದಾಟಿ ಮೂರು ದಿನಕ್ಕಿಂತ ಹೆಚ್ಚಾದರೆ ಮಾತ್ರ ತಡ ಶುಲ್ಕ ಹಾಕಬಹುದು. ನಮಗೆ ಆ ಮೂರು ದಿನವೂ ದಾಟಿತ್ತು. ಮಾವನಿಂದ 41,300 ರೂಪಾಯಿ ಕೈಸಾಲ ತೆಗೆದು ಉಮ್ಮನ ಖಾತೆಯಿಂದ ಕಟ್ಟಿದೆವು. ಬಡ್ಡಿ ಬೇಡ ಎಂದಿದ್ದ ಮನೆಗೆ ತಡ ಶುಲ್ಕದ ಜೊತೆ ಬಡ್ಡಿಯೂ ಬಂತು. ಉಮ್ಮ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಣ್ಣ ಪಾಸ್‌ಪೋರ್ಟ್, ಇಕಾಮಾ, ಸೌದಿಯ ವಿಳಾಸದ ದಾಖಲೆ ಮತ್ತು ಪಾನ್ ಪ್ರತಿಗಳನ್ನು ದೃಢೀಕರಿಸಿ ಕಳಿಸಿದ. ಸಂಬಳದ ಚೀಟಿ ಇಟ್ಟು, ಹಣ ಮನೆ ರಿಪೇರಿಗೆ ಎಂದು ಬರೆದ. ಹಳೆಯ ಖಾತೆ ಎನ್‌ಆರ್‌ಒ ಆಯಿತು, ಹೊಸದಾಗಿ ಎನ್‌ಆರ್‌ಇ ತೆರೆದ. ಊರಿನ ಪಾವತಿಗಳನ್ನು ಮಾಡಲು ಉಮ್ಮನಿಗೆ ಅಧಿಕಾರ ಪತ್ರ ಕೊಟ್ಟ. ಇದಕ್ಕೆಲ್ಲ ಏಳು ವಾರ ಹಿಡಿಯಿತು.

ಇದನ್ನು ಬರೆಯಲು ಇನ್ನೊಂದು ಕಾರಣವಿದೆ. ವಿದೇಶದಲ್ಲಿರುವ ಮಗ ತಾಯಿಯ ಖಾತೆಗೆ ಮನೆಖರ್ಚಿಗೆಂದು ಕಳಿಸುವ ಹಣಕ್ಕೆ ಆದಾಯ ತೆರಿಗೆ ಇಲ್ಲ, ತೊಡಕೂ ಇಲ್ಲ. ಆದರೆ ನಮ್ಮ ಕಷ್ಟ ಕೇಳಿದ ಪರಿಚಯದವರೊಬ್ಬರು, “ನಿನ್ನ ಸ್ಟೂಡೆಂಟ್ ಖಾತೆಯ ನಂಬರ್ ಕೊಡು, ಯಾರದೋ ಹಣ ಬರುತ್ತದೆ, ತೆಗೆದುಕೊಟ್ಟರೆ ಎರಡು ಸಾವಿರ ನಿನಗೆ” ಎಂದರು. ಗುರುತಿಲ್ಲದವರ ಹಣ ಹಾದುಹೋದ ಖಾತೆಯನ್ನು ಪೊಲೀಸರು ತಡೆಹಿಡಿಯುತ್ತಾರೆ, ಕೇಸಿನಲ್ಲಿ ಬರುವುದು ಖಾತೆದಾರನ ಹೆಸರು. ಅಣ್ಣನಿಗೆ ತೋರಿಸಲು ಸಂಬಳದ ಚೀಟಿ ಇತ್ತು. ನಾನಾಗಿದ್ದರೆ ಏನು ತೋರಿಸುತ್ತಿದ್ದೆ?

ತಡ ಶುಲ್ಕದ ಬಗ್ಗೆ ಬ್ಯಾಂಕಿಗೆ ಲಿಖಿತ ದೂರು ಕೊಟ್ಟೆವು. 30 ದಿನದೊಳಗೆ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು. ಅಷ್ಟರವರೆಗೆ ಹೋಗಲಿಲ್ಲ, ಶುಲ್ಕ ವಾಪಸ್ ಬಂತು, ಬಡ್ಡಿ ಬರಲಿಲ್ಲ. ಕಾರ್ಡೂ ಮತ್ತೆ ಸಿಗಲಿಲ್ಲ. ಅಣ್ಣ ಕೇಳಲೂ ಇಲ್ಲ. ಮಾಡಿನ ಕೆಲಸ ಮುಗಿದದ್ದು ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಅಡುಗೆಮನೆಯ ಮೇಲೆ ಟಾರ್ಪಾಲು ಇತ್ತು. ಹಳೆಯ ಫೋನ್ ಈಗಲೂ ನನ್ನ ಬಳಿ ಇದೆ. ಪ್ರತಿ ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಅದರಲ್ಲಿ ಬಂದ ಸಂದೇಶಗಳನ್ನೆಲ್ಲ ಓದಿ, ಬ್ಯಾಂಕಿನದಿದ್ದರೆ ಅಣ್ಣನಿಗೆ ಕಳಿಸುತ್ತೇನೆ.