ತಾಮ್ರದ ಸಲ್ಫೇಟ್: ತಯಾರಿಕೆ ಮತ್ತು ಕಾಯಿಸುವ ವಿಧಾನ

ಅಡಿಕೆ ಬೆಳೆಗಾರರಿಗೆ ಮೈಲುತುತ್ತವೆಂದು ಪರಿಚಿತವಾಗಿರುವ ತಾಮ್ರದ ಸಲ್ಫೇಟನ್ನು ಶಾಲಾ ಪ್ರಯೋಗಾಲಯದಲ್ಲಿಯೂ ತಯಾರಿಸಬಹುದಾಗಿದೆ. ಬೆಚ್ಚಗಿನ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲಕ್ಕೆ ಕಪ್ಪು ತಾಮ್ರದ ಆಕ್ಸೈಡನ್ನು, ಸ್ವಲ್ಪ ಭಾಗ ಕರಗದೆ ಉಳಿಯುವವರೆಗೆ ಸೇರಿಸಬೇಕು. ಹಾಗೆ ಉಳಿಯದಿದ್ದಲ್ಲಿ ಹರಳುಗಳಿಗೆ ಆಮ್ಲ ಅಂಟಿಕೊಂಡಿರುವ ಸಂಭವವಿದೆ. ದ್ರಾವಣವನ್ನು ಸೋಸಿ, ಭಾಗಶಃ ಆವಿಯಾಗಿಸಿ, ತಣಿಯಲು ಬಿಟ್ಟರೆ ನೀಲಿ ಹರಳುಗಳು ದೊರೆಯುತ್ತವೆ. ಇವುಗಳನ್ನು ಸೋಸುಕಾಗದಗಳ ನಡುವೆ ಒತ್ತಿ ಒಣಗಿಸಬೇಕೇ ಹೊರತು ಉರಿಯ ಮೇಲಲ್ಲ.

ಹರಳಿನ ತೂಕದಲ್ಲಿ ಶೇ. 36ರಷ್ಟು ಸ್ಫಟಿಕ ಜಲವೇ ಆಗಿದ್ದು, ಕಾಯಿಸಿದಾಗ ಅದು ಹೊರಹೋಗಿ ಬಿಳಿ ಪುಡಿ ಉಳಿಯುತ್ತದೆ. ಇದನ್ನು ತೋರಿಸುವಾಗ ಪ್ರನಾಳದ ಬಾಯಿಯನ್ನು ತುಸು ಕೆಳಮುಖವಾಗಿ, ಯಾರತ್ತಲೂ ತಿರುಗದಂತೆ ಹಿಡಿಯತಕ್ಕದ್ದು. ಇಲ್ಲವಾದರೆ ಹಬೆಯು ನೀರಾಗಿ ಬಿಸಿ ಗಾಜಿನತ್ತ ಹರಿದು ಪ್ರನಾಳ ಒಡೆಯಬಹುದು. ಪುಡಿ ಬಿಳಿಯಾದೊಡನೆ ಉರಿಯನ್ನು ತೆಗೆಯಬೇಕು. ಅತಿಯಾಗಿ ಕಾಯಿಸಿದರೆ ಗಂಧಕದ ಆಕ್ಸೈಡುಗಳ ವಿಷಾನಿಲ ಹೊರಬರುತ್ತದೆ. ತಣಿದ ಪುಡಿಗೆ ಕೆಲವು ಹನಿ ನೀರು ಹಾಕಿದಲ್ಲಿ ನೀಲಿ ಬಣ್ಣ ಮರಳುವುದಲ್ಲದೆ ಪ್ರನಾಳವೂ ಬಿಸಿಯಾಗುತ್ತದೆ.