ಬಸುರಿಗೆ ಸುಟ್ಟಗಾಯವಾದರೆ

ಸಾರು ಚೆಲ್ಲಿದ್ದಿರಲಿ, ಸೆರಗಿಗೆ ಒಲೆಯ ಬೆಂಕಿ ಹತ್ತಿದ್ದಿರಲಿ, ಮೊದಲ ಮದ್ದು ನೀರು. ಬೆಂಕಿ ಆರಿಸಿದ ಕೂಡಲೇ ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಯಬೇಕು. ಬೇಸಿಗೆಯಲ್ಲಿ ಬೆಂಗಳೂರಿನ ಹೆಬ್ಬಾಳದ ಸುತ್ತ ಎಷ್ಟೋ ಮನೆಗಳಿಗೆ ಟ್ಯಾಂಕರ್ ನೀರೇ ಗತಿ. ಆದರೂ ಈ ನೀರಿಗೆ ಜಿಪುಣತನ ಬೇಡ. ನಲ್ಲಿ ಬರದಿದ್ದರೆ ಡ್ರಮ್ಮಿನಿಂದ ಚೊಂಬಿನಲ್ಲಿ ಮೊಗೆದು ಸುರಿಯುತ್ತಲೇ ಇರಿ. ಐಸ್, ಟೂತ್‌ಪೇಸ್ಟ್, ಅರಿಸಿನ, ಇಂಕು ಹಚ್ಚಬೇಡಿ. ಬೊಬ್ಬೆ ಒಡೆಯಬೇಡಿ. ಗಾಯ ದೊಡ್ಡದಿದ್ದರೆ ಉಳಿದ ಮೈಗೆ ಹೊದಿಸಿ, ಚಳಿ ಹತ್ತದಿರಲಿ.

ಕೈ ಸುಟ್ಟಿದ್ದರೆ ಬಳೆ, ಉಂಗುರ ಆಗಲೇ ತೆಗೆಯಿರಿ. ಸೀಮಂತದಲ್ಲಿ ತೊಡಿಸಿದ ಬಳೆ ತೆಗೆಯಲು ಮನೆಯ ಹಿರಿಯರ ಮನಸ್ಸು ಒಪ್ಪದಿರಬಹುದು. ಆದರೆ ಕೈ ಊದಿಕೊಂಡರೆ ಅದೇ ಬಳೆ ರಕ್ತ ಓಡದಂತೆ ಬಿಗಿಯುತ್ತದೆ.

ಶುದ್ಧ ಹತ್ತಿಬಟ್ಟೆ ಹೊದಿಸಿ, 108 ಆಂಬ್ಯುಲೆನ್ಸ್‌ಗೆ ಕರೆ ಮಾಡಿ, ಬಸುರಿಯ ತಪಾಸಣೆಯ ದಾಖಲೆಯಾದ ತಾಯಿ ಕಾರ್ಡ್ ಜೊತೆಗಿಟ್ಟುಕೊಳ್ಳಿ. ಐದು ತಿಂಗಳು ದಾಟಿದ್ದರೆ ಎಡಮಗ್ಗುಲಾಗಿ ಮಲಗಿಸಿ. ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಾಯಿಯ ಬಿ.ಪಿ. ಇಳಿಯಬಹುದು, ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗಬಹುದು. ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಕ್ಕೇ ಮೀಸಲಾದ ಮಹಾಬೋಧಿ ಬರ್ನ್ಸ್ ಸೆಂಟರ್ ಇದೆ, ಹೆರಿಗೆಗೆ ಹೆಸರಾದ ವಾಣಿ ವಿಲಾಸ ಆಸ್ಪತ್ರೆ ಪಕ್ಕದಲ್ಲೇ. ಬಸುರಿಗೆ ಸುಟ್ಟಗಾಯದ ವೈದ್ಯರೂ ಬೇಕು, ಹೆರಿಗೆ ವೈದ್ಯರೂ ಬೇಕು. ಆದರೆ ಹೆಬ್ಬಾಳದಿಂದ ಈ ಆಸ್ಪತ್ರೆಗಳಿರುವ ಕೆ.ಆರ್. ಮಾರ್ಕೆಟ್‌ವರೆಗಿನ ಟ್ರಾಫಿಕ್ ಗೊತ್ತಲ್ಲ! ಮುಖ ಸುಟ್ಟಿದ್ದರೆ, ಧ್ವನಿ ಒಡೆದಿದ್ದರೆ, ಉಸಿರಿಗೆ ತೊಂದರೆಯಾದರೆ ಮೊದಲು ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೇ ಹೋಗಬೇಕು.

ಅಲ್ಲಿ ಆಮ್ಲಜನಕ ಕೊಡುತ್ತಾರೆ. ಮುಚ್ಚಿದ ಕೋಣೆಯ ಹೊಗೆ ಕುಡಿದಿದ್ದರೆ ಇದು ಬಹಳ ಮುಖ್ಯ: ಕಾರ್ಬನ್ ಮೊನಾಕ್ಸೈಡ್ ಮಗುವಿನ ರಕ್ತದಲ್ಲಿ ತಾಯಿಯಲ್ಲಿರುವುದಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತದೆ. ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಯಂತ್ರ ಆಗ ಎಲ್ಲ ಸರಿಯಿದೆ ಎಂಬಂಥ ಅಂಕಿ ತೋರಿಸಿ ಮೋಸ ಮಾಡಬಹುದು. ದೊಡ್ಡ ಗಾಯಕ್ಕೆ ಡ್ರಿಪ್ಪಿನಲ್ಲಿ ದ್ರವ ಹಾಕುತ್ತಾರೆ. ರೋಗಿಯದೇ ಅಂಗೈ, ಬೆರಳೂ ಸೇರಿ, ಸುಮಾರು ಶೇ. 1ರಷ್ಟು ಮೈ, ಆ ಅಳತೆಯಿಂದ ಲೆಕ್ಕ ಶುರು. ಮೊದಲ 24 ಗಂಟೆಯ ದ್ರವದಲ್ಲಿ ಅರ್ಧ, ಸುಟ್ಟ ಹೊತ್ತಿನಿಂದ 8 ಗಂಟೆಯೊಳಗೆ ಹೋಗಬೇಕು. ಆದ್ದರಿಂದ ಎಷ್ಟು ಗಂಟೆಗೆ ಸುಟ್ಟಿತೆಂದು ವೈದ್ಯರಿಗೆ ತಪ್ಪದೆ ಹೇಳಿ.

ಮಗುವಿಗೆ ತೊಂದರೆಯಾದೀತೆಂದು ಹೆದರಿ ಚಿಕಿತ್ಸೆ ಬೇಡವೆನ್ನಬೇಡಿ. ತಾಯಿಯ ಜೀವ ಉಳಿದರೇ ಮಗುವಿಗೂ ದಾರಿ. ಧನುರ್ವಾಯು (ಟೆಟನಸ್) ತಡೆಯುವ ಚುಚ್ಚುಮದ್ದು ಬಸುರಿಗೂ ಕೊಡುತ್ತಾರೆ. ನೋವಿಗೆ ಮದ್ದು ಇದೆ. ಐಬುಪ್ರೊಫೇನ್, ಡೈಕ್ಲೋಫೆನಾಕ್ ಮಾತ್ರ ನೀವಾಗಿ ನುಂಗಬೇಡಿ. ಬಿಳಿ ಸಿಲ್ವರ್ ಸಲ್ಫಾಡಯಜಿನ್ ಮುಲಾಮನ್ನೂ, ದಿನ ತುಂಬುತ್ತಿರುವಾಗಂತೂ, ವೈದ್ಯರನ್ನು ಕೇಳದೆ ಹಚ್ಚಬೇಡಿ.

ಸಣ್ಣ ಗಾಯವೆಂದು ಮನೆಗೆ ಕಳಿಸಿದರೂ ಹೊಟ್ಟೆ ಬಿಗಿದು ಬಿಗಿದು ಬಂದರೆ, ರಕ್ತ ಅಥವಾ ನೀರು ಹೋದರೆ, ಮಗುವಿನ ಒದೆತ ಕಡಿಮೆಯಾದರೆ ಬೆಳಗಾಗಲೆಂದು ಕಾಯದೆ ಹೆರಿಗೆ ಆಸ್ಪತ್ರೆಗೆ ಹೊರಡಿ.