ಆಕಾಶವಾಣಿಯ ನಗೆಗಾರ ನಾ. ಕಸ್ತೂರಿ

ಧಾರವಾಡದ ಬಾನುಲಿ ಕೇಂದ್ರವು 1950ನೆಯ ಇಸವಿ ಜನವರಿ 8ರಂದು ಆರಂಭವಾಯಿತು. ಉಪ್ಪಿನಬೆಟಗೇರಿಯಂತಹ ನೆರೆಯೂರುಗಳಲ್ಲಿ ‘ಆಕಾಶವಾಣಿ’ ಎಂಬುದು ಕ್ರಮೇಣ ಮನೆಮಾತಾಯಿತು. ಆದರೆ ಈ ಹೆಸರಿನ ಹಿಂದೆ ಕನ್ನಡದ ನಗೆಗಾರರೊಬ್ಬರಿದ್ದಾರೆಂಬುದನ್ನು ಎಷ್ಟು ಮಂದಿ ವಾಚಕರು ಬಲ್ಲರೋ! ಅವರೇ ಶ್ರೀಯುತ ನಾ. ಕಸ್ತೂರಿಯವರು.

ಸೋಜಿಗದ ಸಂಗತಿಯೆಂದರೆ, ಕನ್ನಡವು ಅವರ ತಾಯಿನುಡಿಯಲ್ಲ. 1897ನೆಯ ಡಿಸೆಂಬರ್ 25ರಂದು ಕೇರಳದ ತೃಪ್ಪೂಣಿತುರೆಯಲ್ಲಿ ಜನಿಸಿದ ಅವರು, ಇತಿಹಾಸದ ಅಧ್ಯಾಪಕರಾಗಿ ಮೈಸೂರಿಗೆ ಬಂದು ಅಲ್ಲಿಯೇ ನೆಲೆನಿಂತರು. ಕನ್ನಡವನ್ನು ಕಲಿತದ್ದು ದೊಡ್ಡವರಾದ ಮೇಲೆ. ಹೊರಗಿನಿಂದ ಬಂದ ಅತಿಥಿಯು ಮನೆಯವರ ಮಾತಿನ ಸೊಗಸನ್ನೂ ಸೊಟ್ಟನ್ನೂ ಮನೆಯವರಿಗಿಂತ ಮೊದಲೇ ಗುರುತಿಸುವುದುಂಟಲ್ಲವೆ? ಕಸ್ತೂರಿಯವರ ಹಾಸ್ಯದ ಗುಟ್ಟು ಇಲ್ಲಿಯೇ ಇರುವುದೆಂದು ನಮಗೆ ತೋರುತ್ತದೆ. ಅವರ ‘ಅನರ್ಥಕೋಶ’ವು ನಿತ್ಯದ ಮಾತುಗಳಿಗೆ ವಿಪರೀತಾರ್ಥವನ್ನು ಕಟ್ಟಿ ನಗಿಸುವ ನಿಘಂಟು. ಬೃಹದಾರಣ್ಯಕೋಪನಿಷತ್ತನ್ನು ಬಲ್ಲ ಗೃಹಸ್ಥರಂತೂ ‘ಗೃಹದಾರಣ್ಯಕ’ ಎಂಬ ಅವರ ಪುಸ್ತಕದ ಹೆಸರನ್ನು ಕೇಳಿದ ಮಾತ್ರಕ್ಕೆ ನಗದಿರಲಾರರು. 1942ರಲ್ಲಿ ಡಾ. ಎಂ. ಶಿವರಾಂ ಅವರು ಹೊರಡಿಸಿದ ‘ಕೊರವಂಜಿ’ ವಿನೋದ ಪತ್ರಿಕೆಗೂ ಕಸ್ತೂರಿಯವರ ಲೇಖನಿ ಆಧಾರವಾಗಿತ್ತು.

ಈಗ ಬಾನುಲಿಯ ಪ್ರಸ್ತಾಪಕ್ಕೆ ಬರೋಣ. ಮೈಸೂರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ‘ವಿಠ್ಠಲ ವಿಹಾರ’ವೆಂಬ ಮನೆಯಲ್ಲಿ 1935ನೆಯ ಸೆಪ್ಟೆಂಬರ್ 10ರಂದು ಪ್ರಸಾರವನ್ನು ತೊಡಗಿದರು. ಯಂತ್ರದ ಶಕ್ತಿ ಬರಿಯ 30 ವಾಟ್. ಅಂದು ನಡುಮನೆಯಲ್ಲಿ ಉರಿಯುತ್ತಿದ್ದ ಸಾಧಾರಣ ವಿದ್ಯುದ್ದೀಪಕ್ಕೂ ಅದಕ್ಕಿಂತ ಹೆಚ್ಚು ಬೇಕಾಗುತ್ತಿತ್ತು! ಈ ಪುಟ್ಟ ಸಾಹಸಕ್ಕೆ ಹೆಗಲು ಕೊಟ್ಟವರಲ್ಲಿ ಕಸ್ತೂರಿಯವರೂ ಒಬ್ಬರು. ‘ಆಕಾಶವಾಣಿ’ ಎಂಬ ಹೆಸರನ್ನು ಸೂಚಿಸಿದವರೂ ಅವರೇ ಎಂಬುದು ಪ್ರಸಿದ್ಧವಾದ ಮಾತು. ಕವಿ ರವೀಂದ್ರರಿಗೆ ಆ ಕೀರ್ತಿಯನ್ನು ಸಲ್ಲಿಸುವವರೂ ಉಂಟು. ಆದರೆ ಅವರ ಆಶೀರ್ವಾದ ಕವನವು 1938ರದು, ಮೈಸೂರಿನ ನಾಮಕರಣ ಅದಕ್ಕಿಂತ ಹಿಂದಿನದು.

ನಗೆಗಾರನಲ್ಲದವನಿಗೆ ಈ ಹೆಸರು ಹೊಳೆಯುತ್ತಿತ್ತೆ? ದೇವಕಿಯ ರಥವನ್ನು ನಡೆಸುತ್ತಿದ್ದ ಕಂಸನಿಗೆ ಕಾಣದ ಕಂಠವೊಂದು ಕೇಳಿಸಿದ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಆ ವಾಣಿಯನ್ನು ನಿಲ್ಲಿಸುವ ತಿರುಗುಣಿ ಪಾಪ, ಕಂಸನ ಕೈಯಲ್ಲಿರಲಿಲ್ಲ. ನಮ್ಮ ಗೃಹಿಣಿಯರ ಕೈಯಲ್ಲಿ ಅದು ಧಾರಾಳವಾಗಿ ಉಂಟು! ಬಾನುಲಿಯಲ್ಲಿ ನಗಿಸುವವನ ಪಾಡೂ ಇಂತಹುದೇ. ರಂಗದ ಮೇಲಿನ ವಿದೂಷಕನಿಗೆ ವೇಷವಿದೆ, ಹುಬ್ಬಿದೆ, ನಡಿಗೆಯಿದೆ. ಎಲ್ಲಕ್ಕೂ ಮಿಗಿಲಾಗಿ ಎದುರಿಗೆ ಕುಳಿತ ಸಭೆಯ ನಗೆಯಿದೆ. ಆ ನಗೆ ತಗ್ಗುವವರೆಗೆ ಅವನು ತಡೆದು ನಿಲ್ಲಬಲ್ಲನು. ಮೈಕಿನ ಮುಂದಿರುವವನಿಗೋ ಮುಚ್ಚಿದ ಕೋಣೆ, ಎದುರಿಗೆ ಗಡಿಯಾರ. ಕೇಳುಗರು ನಕ್ಕರೋ ಆಕಳಿಸಿದರೋ ತಿಳಿಯುವ ಬಗೆಯಿಲ್ಲ. ಬರಿಯ ಮಾತು, ಅದರ ಏರಿಳಿತ, ನಡುವಣ ಮೌನ, ಇಷ್ಟೇ ಬಂಡವಾಳ. ಅಂದಿನ ಪ್ರಸಾರವು ಬಹುಮಟ್ಟಿಗೆ ನೇರವಾದದ್ದಾದುದರಿಂದ, ಆಡಿದ ಮಾತು ಗಾಳಿಗೆ ಸೇರಿದೊಡನೆ ಮುಗಿಯಿತು. ಪುಸ್ತಕದ ಹಾಸ್ಯವನ್ನು ಇಂದೂ ಓದಬಹುದು. ಆ ದಿನಗಳ ಬಾನುಲಿಯ ನಗೆಯನ್ನು ಮತ್ತೆಲ್ಲಿ ಕೇಳುವುದು?

ಮೈಸೂರಿನ ಕೇಂದ್ರವು ಮುಂದೆ ಸಂಸ್ಥಾನದ ಸರ್ಕಾರಕ್ಕೆ ಸೇರಿ, 1955ರಲ್ಲಿ ಬೆಂಗಳೂರಿಗೆ ಸಾಗಿತು. ನಿವೃತ್ತರಾದ ಕಸ್ತೂರಿಯವರೂ ಬೆಂಗಳೂರಿನ ಬಾನುಲಿಯಲ್ಲಿ ಕೆಲಕಾಲ ಕಾರ್ಯಕ್ರಮಗಳ ನಿರ್ಮಾಪಕರಾಗಿದ್ದರು. 1948ರಲ್ಲಿ ಪುಟ್ಟಪರ್ತಿಯ ಸಾಯಿಬಾಬಾರವರನ್ನು ಕಂಡ ಬಳಿಕ ಅವರ ಮನಸ್ಸು ಅತ್ತ ಒಲಿದು, ಉತ್ತರವಯಸ್ಸನ್ನು ಅಲ್ಲಿಯೇ ಕಳೆದರು. ಹೊರನಾಡಿನ ಅನೇಕರು ಅವರನ್ನು ಬಾಬಾರವರ ಚರಿತ್ರಕಾರರೆಂದು ಮಾತ್ರ ಅರಿತಿದ್ದಾರೆ. ಕನ್ನಡಿಗರೂ ಅಷ್ಟಕ್ಕೇ ತೃಪ್ತರಾದರೆ ನಮಗೆ ಖೇದವಾಗುತ್ತದೆ. 1987ನೆಯ ಆಗಸ್ಟ್ 14ರಂದು ಅವರು ಕಾಲವಾದರು.

1957ರಲ್ಲಿ ಭಾರತದ ಬಾನುಲಿಯು ‘ಆಕಾಶವಾಣಿ’ ಎಂಬ ಹೆಸರನ್ನು ತನ್ನದಾಗಿಸಿಕೊಂಡಿತು. ಆಂಗ್ಲದ ಹೆಸರು ಮಾತ್ರ ಜೊತೆಜೊತೆಗೆ ನಡೆದು ಬಂದಿತ್ತು. 2023ರ ಮೇ ತಿಂಗಳಲ್ಲಿ ಅದನ್ನೂ ಕೈಬಿಟ್ಟು, ಎಲ್ಲೆಡೆಯೂ ‘ಆಕಾಶವಾಣಿ’ ಎಂದೇ ಹೇಳಬೇಕೆಂದು ದೆಹಲಿಯಿಂದ ಅಪ್ಪಣೆಯಾಯಿತು.